ಸೆಕೆಂಡ್ ಹ್ಯಾಂಡ್ ಬಾಕ್ಸ್‌ಸ್ಟರ್ ತಗೊಂಡಾಯ್ತು, ಬೆಂಗಳೂರಲ್ಲಿ ಯಾರ ಕೈಗೆ ಕೊಡೋದು?

ಹೊಸಬ_987

ಎಲ್ಲರಿಗೂ ನಮಸ್ಕಾರ. ಗಾಡಿ 2008ರ ಪೋರ್ಶೆ ಬಾಕ್ಸ್‌ಸ್ಟರ್, 987 ಮಾದರಿ, 2.7 ಲೀಟರ್ ಎಂಜಿನ್, ಟಿಪ್‌ಟ್ರಾನಿಕ್ ಆಟೊಮ್ಯಾಟಿಕ್. ಮೀಟರ್ 58,000 ಕಿ.ಮೀ. ತೋರಿಸುತ್ತಿದೆ. ಕೆಎ ನೋಂದಣಿ, ಆರ್‌ಸಿ ನವೀಕರಣ ಆಗಿದೆ. ಕೊನೆಯ ನಾಲ್ಕು ವರ್ಷದ ಸರ್ವಿಸ್ ಬಿಲ್ ಒಂದೂ ಇಲ್ಲ.

ಈಗ ಕಾಣ್ತಿರೋ ತೊಂದರೆಗಳು: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಕೆಲವೊಮ್ಮೆ ಅರ್ಧ ನಿಮಿಷ ನಿಲ್ಲೋದೇ ಇಲ್ಲ. ಐಡಲ್‌ನಲ್ಲಿ ಟಿಕ್ ಟಿಕ್ ಸದ್ದು. ಎಂಜಿನ್ನೂ ಗೇರ್‌ಬಾಕ್ಸೂ ಸೇರೋ ಕಡೆ ಎಣ್ಣೆ ಜಿನುಗಿದೆ. ಕೂಲೆಂಟ್ ಮಟ್ಟ ಎರಡು ವಾರಕ್ಕೊಮ್ಮೆ ಇಳಿಯುತ್ತೆ. ಮಳೆ ಬಂದ ಮಾರನೇ ದಿನ ಸೀಟಿನ ಕೆಳಗಿನ ಕಾರ್ಪೆಟ್ ಒದ್ದೆ.

ಮೂರು ಕಡೆ ಕೇಳಿದ್ದಕ್ಕೆ ಮೂರು ಉತ್ತರ. ಒಬ್ಬರು ಎಂಜಿನ್ ಇಳಿಸಬೇಕು ಅಂದರು, ಇನ್ನೊಬ್ಬರು ಐಎಂಎಸ್ (ಎಂಜಿನ್ ಒಳಗಿನ ಇಂಟರ್‌ಮೀಡಿಯೆಟ್ ಶಾಫ್ಟ್) ಬೇರಿಂಗ್ ಹೋಗಿದೆ, ಕಿಟ್ ಹಾಕ್ತೀವಿ ಅಂದರು, ಮೂರನೆಯವರು ಎಣ್ಣೆ ಬದಲಾಯಿಸಿ ನೋಡೋಣ ಅಂದರು. ಯಾರನ್ನ ನಂಬೋದು, ಹೇಗೆ ಪರೀಕ್ಷೆ ಮಾಡೋದು, ಗೊತ್ತಿರೋರು ದಯವಿಟ್ಟು ಹೇಳಿ.

ಬಾಕ್ಸರ್_ಸಿಕ್ಸ್

ಮೂರೂ ಜನ ಏನೂ ಅಳೆಯದೆ ಉತ್ತರ ಕೊಟ್ಟಿದ್ದಾರೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಈ ಗಾಡಿಗೆ ಗ್ಯಾರೇಜು ಹುಡುಕೋದು ಅಂದ್ರೆ ಅಳತೆ ಮಾಡಿ ಮಾತಾಡೋ ಕೈ ಹುಡುಕೋದು. ಎಸಿ ಹಾಕಿದ ವೇಟಿಂಗ್ ಹಾಲ್ ಇದೆಯಾ, ಹೊರಗೆ ಎಷ್ಟು ಜರ್ಮನ್ ಗಾಡಿ ನಿಂತಿವೆ ಅನ್ನೋದರಿಂದ ಅದು ಗೊತ್ತಾಗಲ್ಲ.

ಐಎಂಎಸ್ ವಿಷಯ ಮೊದಲು ಮುಗಿಸಿಬಿಡೋಣ, ಯಾಕಂದ್ರೆ ಅದರಿಂದಲೇ ಎರಡನೆಯವರನ್ನ ಪಟ್ಟಿಯಿಂದ ತೆಗೀಬಹುದು. ಹಳೇ 986ರಲ್ಲಿ, ಅಂದ್ರೆ 987ಕ್ಕೆ ಮುಂಚಿನ ಬಾಕ್ಸ್‌ಸ್ಟರಿನಲ್ಲಿ, ಇಂಟರ್‌ಮೀಡಿಯೆಟ್ ಶಾಫ್ಟಿನ ಬೇರಿಂಗು ಚಿಕ್ಕದು. ಗೇರ್‌ಬಾಕ್ಸ್ ಇಳಿಸಿದರೆ ಹಿಂದಿನಿಂದಲೇ ಎಳೆದು ಬೇರೆ ಹಾಕಬಹುದು. 2005ರ ಸುಮಾರಿಗೆ ಪೋರ್ಶೆ ಅದನ್ನ ದೊಡ್ಡದು ಮಾಡಿತು. ನಿಮ್ಮ 2008ರ ಎಂಜಿನ್ನಿನಲ್ಲಿ ಇರೋದು ಆ ದೊಡ್ಡ ಬೇರಿಂಗು, ಮಧ್ಯದ ನಟ್ 22 ಎಂಎಂ, ಹಳೇದರದ್ದು 13 ಎಂಎಂ. ದೊಡ್ಡದು ಕೇಸಿನ ತೂತಿಗಿಂತ ಅಗಲ ಇರೋದರಿಂದ ಎಂಜಿನ್ ಕೇಸನ್ನ ಎರಡು ಹೋಳು ಮಾಡದೆ ಹೊರಗೆ ಬರೋದೇ ಇಲ್ಲ. ಗೇರ್‌ಬಾಕ್ಸ್ ಇಳಿಸಿ ಕಿಟ್ ಹಾಕ್ತೀವಿ ಅಂತ 2008ರ ಗಾಡಿಗೆ ಹೇಳಿದವರಿಗೆ ಈ ಎಂಜಿನ್ ಗೊತ್ತಿಲ್ಲ. ದೊಡ್ಡ ಬೇರಿಂಗು ಕೆಡೋದು ಹಳೇದಕ್ಕೆ ಹೋಲಿಸಿದರೆ ತೀರಾ ಕಡಿಮೆ. ಬೇರೆ ಕಾರಣಕ್ಕೆ ಗೇರ್‌ಬಾಕ್ಸ್ ಇಳಿದಾಗ ಅದರ ಹೊರಗಿನ ಸೀಲ್ ತೆಗೆದು ಎಂಜಿನ್ ಎಣ್ಣೆ ತಾಗೋ ಹಾಗೆ ಮಾಡೋರಿದ್ದಾರೆ. ಅದಕ್ಕೆಂದೇ ಗೇರ್‌ಬಾಕ್ಸ್ ಇಳಿಸೋದು ಬೇಡ.

ಇನ್ನು ಹೊಗೆ. ಈ ಎಂಜಿನ್ನಿನಲ್ಲಿ ಸಿಲಿಂಡರುಗಳು ಮಲಗಿರುತ್ತವೆ. ರಾತ್ರಿ ಒಂದಿಷ್ಟು ಎಣ್ಣೆ ರಿಂಗ್ ದಾಟಿ ಒಳಗೆ ಜಾರೋದು ಸಹಜ, ಅದರಲ್ಲೂ ಇಳಿಜಾರಲ್ಲಿ ನಿಲ್ಲಿಸಿದ್ದರೆ. ಎರಡು ಮೂರು ಸೆಕೆಂಡಿನ ಪುಸಕ್ ಹೊಗೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೀದಿಗೆ ಬರೋ ಸೊಳ್ಳೆ ಹೊಗೆ ಗಾಡಿಯ ಹಾಗೆ ಅರ್ಧ ನಿಮಿಷ ಬಂದರೆ ಮೊದಲ ಅನುಮಾನ ಏರ್ ಆಯಿಲ್ ಸೆಪರೇಟರ್ ಮೇಲೆ, ಎಒಎಸ್ ಅಂತಾರೆ. ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಹೊಟ್ಟೆಯ) ಆವಿಯಿಂದ ಎಣ್ಣೆಯನ್ನ ಬೇರ್ಪಡಿಸಿ ಬರೀ ಗಾಳಿಯನ್ನ ಇನ್‌ಟೇಕಿಗೆ ಕಳಿಸೋ ಪ್ಲಾಸ್ಟಿಕ್ ಡಬ್ಬ ಅದು. ಒಳಗಿನ ರಬ್ಬರ್ ಪೊರೆ ಹರಿದರೆ ಇನ್‌ಟೇಕು ಎಂಜಿನ್ನಿನ ಎಣ್ಣೆಯನ್ನೇ ಹೀರಿಕೊಳ್ಳೋಕೆ ಶುರು ಮಾಡುತ್ತೆ.

ಮನೆಯಲ್ಲೇ ನೋಡೋ ವಿಧಾನ ಇದೆ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಹಿಂದಿನ ಡಿಕ್ಕಿಯಲ್ಲಿರೋ ಎಣ್ಣೆ ಮುಚ್ಚಳ ತಿರುಗಿಸಿ ಮೇಲೆತ್ತಿ. ಸಲೀಸಾಗಿ ಬಂದು ಐಡಲ್ ಸ್ವಲ್ಪ ಅಲುಗಾಡಿದರೆ ಸರಿ. ಮುಚ್ಚಳ ಕೈಯನ್ನ ಎಳೆದು ಹಿಡಿದುಕೊಂಡ ಹಾಗೆ ಬಿಗಿಯಾಗಿದ್ದರೆ, ಬಿಟ್ಟ ಕೂಡಲೇ ಹುಸ್ ಅಂತ ಗಾಳಿ ಒಳಗೆ ನುಗ್ಗಿದರೆ ಪೊರೆ ಹರಿದಿದೆ. ಗ್ಯಾರೇಜಿನವರು ಈ ಎಳೆತವನ್ನೇ ಮ್ಯಾನೋಮೀಟರಿನಲ್ಲಿ (ಒತ್ತಡ ಅಳೆಯೋ ಮೀಟರು, ಅಳತೆ ‘ಇಂಚು ನೀರು’ ಲೆಕ್ಕದಲ್ಲಿ) ಅಳೀಬೇಕು. ಆರೋಗ್ಯವಾಗಿರೋ ಎಂಜಿನ್ 5 ಇಂಚು ನೀರಿನ ಆಸುಪಾಸು ತೋರಿಸುತ್ತೆ, 8–9 ದಾಟಿದರೆ ಎಒಎಸ್ ಬದಲಾಯಿಸಬೇಕು. ಸಂಖ್ಯೆ ಹೇಳದೆ ‘ಹೋಗಿದೆ ಸಾರ್’ ಅನ್ನೋರಿಗೆ ಕೆಲಸ ಕೊಡಬೇಡಿ.

ಎಣ್ಣೆ ಜಿನುಗೋದನ್ನ ಇದು ಮುಗಿದ ಮೇಲೆ ನೋಡಿ. ಒಳಗಿನ ನಿರ್ವಾತ ಅತಿಯಾದರೆ ರಿಯರ್ ಮೇನ್ ಸೀಲಿನ (ಎಂಜಿನ್ ಗೇರ್‌ಬಾಕ್ಸಿಗೆ ಸೇರೋ ಕಡೆಯ ಎಣ್ಣೆ ಸೀಲಿನ) ಮೂಲಕವೇ ಗಾಳಿ ಎಳೆದುಕೊಳ್ಳುತ್ತೆ, ಒಮ್ಮೊಮ್ಮೆ ಸಿಳ್ಳೆ ಹೊಡೆದ ಹಾಗೆ ಕೇಳುತ್ತೆ. ಎಒಎಸ್ ಸರಿ ಮಾಡದೆ ಸೀಲನ್ನ ದೂರೋದು ತಪ್ಪು.

ಟಾರ್ಕ್_ವ್ರೆಂಚ್

ಮೇಲಿನದ್ದೆಲ್ಲ ಒಪ್ಪಿದೆ. ಒಂದು ಎಚ್ಚರಿಕೆ ಸೇರಿಸ್ತೀನಿ. ಎಒಎಸ್ ಪೂರ್ತಿ ಹರಿದಿದ್ದರೆ ಗಾಡಿ ಓಡಿಸೋದು ನಿಲ್ಲಿಸಿ. ಇನ್‌ಟೇಕಿನಲ್ಲಿ ಎಣ್ಣೆ ಮಡುಗಟ್ಟಿ ಒಂದೇ ಸಿಲಿಂಡರಿಗೆ ಒಟ್ಟಿಗೆ ಬಿದ್ದರೆ ಹೈಡ್ರೋಲಾಕ್ ಆಗಿ, ಅಂದ್ರೆ ಎಣ್ಣೆ ಒತ್ತಲಾಗದೆ ಪಿಸ್ಟನ್ ತಡೆದು ನಿಂತು, ಕನೆಕ್ಟಿಂಗ್ ರಾಡ್ ಬಾಗುತ್ತೆ. ಗ್ಯಾರೇಜಿಗೆ ಫ್ಲಾಟ್‌ಬೆಡ್ ಮೇಲೆ ಕಳಿಸಿ, ಹಿಂದಿನ ಚಕ್ರ ನೆಲದಲ್ಲಿಟ್ಟು ಎಳೆಯೋ ಕ್ರೇನ್ ಬೇಡ. ಟೋ ಕೊಕ್ಕೆ ಟೂಲ್ ಕಿಟ್‌ನಲ್ಲಿರುತ್ತೆ, ಮುಂದಿನ ಬಂಪರಿನ ಚಿಕ್ಕ ಮುಚ್ಚಳ ತೆಗೆದು ತಿರುಗಿಸಿ ಕೂರಿಸಬೇಕು. ಅದನ್ನ ಈಗಲೇ ಹುಡುಕಿಟ್ಟುಕೊಳ್ಳಿ.

ಜೊತೆಗೆ ವೀಲ್ ಲಾಕ್ ಬೋಲ್ಟಿನ ಸಾಕೆಟ್ಟೂ ಇದೆಯಾ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಮೊದಲು ಕಳೆದುಹೋಗಿರೋದು ಅದೇ. ಇಲ್ಲದಿದ್ದರೆ ಪಂಕ್ಚರ್ ಅಂಗಡಿಯವನಿಗೂ ಚಕ್ರ ಬಿಚ್ಚೋಕೆ ಆಗಲ್ಲ, ಉಳಿಯಿಂದ ಹೊಡೆದು ಅಲಾಯ್ ಹಾಳು ಮಾಡ್ತಾರೆ.

ಹೊಸಬ_987

ಟೋ ಕೊಕ್ಕೆ ಇದೆ, ಲಾಕ್ ಸಾಕೆಟ್ ಇಲ್ಲ. ಏನು ಮಾಡ್ಲಿ?

ಟಾರ್ಕ್_ವ್ರೆಂಚ್

ಹಳೇ ಮಾಲೀಕರನ್ನ ಕೇಳಿ, ಮುಂದಿನ ಡಿಕ್ಕಿಯ ಕಾರ್ಪೆಟ್ ಅಡಿ ನೋಡಿ. ಸಿಗದಿದ್ದರೆ ಅಧಿಕೃತ ಸರ್ವಿಸ್ ಸೆಂಟರಿನವರು ಮಾಸ್ಟರ್ ಸೆಟ್‌ನಿಂದ ಬಿಚ್ಚಿ ಕೊಡ್ತಾರೆ. ಆಮೇಲೆ ನಾಲ್ಕೂ ಚಕ್ರಕ್ಕೆ ಮಾಮೂಲಿ ಬೋಲ್ಟ್ ಹಾಕಿಸಿಕೊಳ್ಳಿ. ಬಿಗಿಯೋದು 130 ನ್ಯೂಟನ್ ಮೀಟರ್, ಟಾರ್ಕ್ ವ್ರೆಂಚಿನಲ್ಲಿ. ಗಾಳಿ ಗನ್ನಿನಲ್ಲಿ ಟರ್ರ್ ಅಂತ ಬಿಗಿದು ಕಳಿಸೋ ಗ್ಯಾರೇಜು ಬೋಲ್ಟ್ ಕೂರೋ ಥ್ರೆಡ್‌ಗಳಿಗೆ ಏನು ಮಾಡುತ್ತೆ ಅಂತ ಯೋಚಿಸಿ.

ಪೀಣ್ಯ_ಲೇತ್

ಹೊಸಬರೇ, ಗ್ಯಾರೇಜಿಗೆ ಹೋಗಿ ಈ ಪ್ರಶ್ನೆಗಳನ್ನ ಕೇಳಿ. ತಪ್ಪು ಹಿಡಿಯೋಕೆ ಕೇಳ್ತಿರೋ ಹಾಗಿರಬಾರದು, ಗೊತ್ತಿಲ್ಲದೆ ಕೇಳೋ ಹಾಗೆ ವಿನಯವಾಗಿ ಕೇಳಿ. ಒಳ್ಳೆ ಮೆಕ್ಯಾನಿಕ್‌ಗೆ ಇಂಥ ಪ್ರಶ್ನೆ ಖುಷಿ ಕೊಡುತ್ತೆ, ಎದ್ದು ಬಂದು ತೋರಿಸ್ತಾರೆ.

ಲಿಫ್ಟ್ ತೋಳು ಎಲ್ಲಿ ಇಡ್ತೀರಿ? ಈ ಗಾಡಿಗೆ ಎತ್ತೋಕೆ ಅಂತಲೇ ನಾಲ್ಕು ಗಟ್ಟಿ ಜಾಗ ಇವೆ, ರಬ್ಬರ್ ಪ್ಯಾಡ್ ಇಟ್ಟು ಅಲ್ಲೇ ಎತ್ತಬೇಕು. ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ (ಸಂಪ್) ಜ್ಯಾಕ್ ಕೊಡೋ ಕಡೆ ಗಾಡಿ ಬಿಡಬೇಡಿ.

ಕೂಲೆಂಟ್ ಹೇಗೆ ತುಂಬ್ತೀರಿ? ಎಂಜಿನ್ ನಡುವೆ, ರೇಡಿಯೇಟರುಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿ, ಮಧ್ಯೆ ಗಾಡಿಯುದ್ದಕ್ಕೂ ಪೈಪು. ಬಕೆಟ್‌ನಿಂದ ಸುರಿದರೆ ಗಾಳಿ ಸಿಕ್ಕಿಕೊಂಡು ಒಂದು ಕಡೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತೆ, ಮೀಟರ್ ಮುಳ್ಳು ಮಾತ್ರ ಸರಿಯಾಗೇ ನಿಂತಿರುತ್ತೆ. ವ್ಯಾಕ್ಯೂಮ್ ಹಾಕಿ ಒಳಗಿನ ಗಾಳಿ ತೆಗೆದು, ಮುಳ್ಳು ಇಳಿಯದೆ ನಿಂತಿದೆ ಅಂತ ನೋಡಿ, ಆಮೇಲೆ ಕೂಲೆಂಟ್ ಎಳೆಯೋಕೆ ಬಿಡಬೇಕು. ಆ ಉಪಕರಣ ದೊಡ್ಡ ದುಬಾರಿಯದಲ್ಲ. ಅದೂ ಇಲ್ಲ ಅಂದ್ರೆ ಈ ಗಾಡಿಯ ನೀರಿನ ಕೆಲಸ ಅಲ್ಲಿ ಬೇಡ.

ಬ್ಯಾಟರಿ ಸತ್ತರೆ ಮುಂದಿನ ಬಾನೆಟ್ ಹೇಗೆ ತೆಗೀತೀರಿ? ಬಾನೆಟ್ ಲಾಕ್ ಕರೆಂಟಿನಿಂದ ಕೆಲಸ ಮಾಡುತ್ತೆ, ಬ್ಯಾಟರಿ ಇರೋದು ಅದರೊಳಗೇ. ಫ್ಯೂಸ್ ಬಾಕ್ಸಿನಲ್ಲಿ ಎಳೆದರೆ ಹೊರಬರೋ ಒಂದು ಟರ್ಮಿನಲ್ ಇದೆ, ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್ ಕೊಟ್ಟು, ಮೈನಸ್ ಬಾಗಿಲ ಲೋಹಕ್ಕೆ ಕೊಟ್ಟರೆ ರಿಮೋಟಿನಲ್ಲೇ ತೆರೆಯುತ್ತೆ. ಇದು ಗೊತ್ತಿಲ್ಲದೆ ಬಾನೆಟ್ ಎಬ್ಬಿದ ಗುರುತು ನಿಮ್ಮ ಗಾಡಿಯಲ್ಲಿ ಈಗಾಗಲೇ ಇದೆಯಾ, ಅಂಚು ಸವರಿ ನೋಡಿ.

ಕೊನೆಯದು, ಕಳಚಿದ ಹಳೇ ಭಾಗ ಕೊಡ್ತೀರಾ? ಇದಕ್ಕೆ ಹೌದು ಬಿಟ್ಟು ಬೇರೆ ಉತ್ತರ ಒಪ್ಪಬೇಡಿ.

ನಿಧಾನ_ಗತಿ

ಅಧಿಕೃತ ಸರ್ವಿಸ್ ಸೆಂಟರಿಗೇ ಹೋದರೆ ಈ ತಲೆಬಿಸಿಯೇ ಇಲ್ಲವಲ್ಲ? ದುಡ್ಡು ಜಾಸ್ತಿ ಆದರೂ ನಿಶ್ಚಿಂತೆ.

ಬಾಕ್ಸರ್_ಸಿಕ್ಸ್

ಕೆಲವು ಕೆಲಸಕ್ಕೆ ಅಲ್ಲಿಗೇ ಹೋಗಬೇಕು: ಹೊಸ ಕೀ ಕೋಡಿಂಗ್, ಏರ್‌ಬ್ಯಾಗ್, ಬಾಕಿ ಇರೋ ರೀಕಾಲ್ ಇದೆಯಾ ಅಂತ ಚಾಸಿ ಸಂಖ್ಯೆ ಹಾಕಿ ನೋಡೋದು, ಹಳೇ ಸರ್ವಿಸ್ ದಾಖಲೆ ಕೇಳೋದು. ಆದರೆ ಅವರ ಪದ್ಧತಿ ಪೂರ್ತಿ ಅಸೆಂಬ್ಲಿ ಬದಲಾಯಿಸೋದು. ಇಷ್ಟು ಹಳೇ ಗಾಡಿಯಲ್ಲಿ ಒಂದು ಪೈಪಿನ ಓರಿಂಗ್ (ರಬ್ಬರ್ ಉಂಗುರ) ಹೋಗಿದ್ದರೆ ಇಡೀ ಪೈಪಿನ ಎಸ್ಟಿಮೇಟ್ ಬರುತ್ತೆ. ಸ್ವತಂತ್ರ ಗ್ಯಾರೇಜಿನಲ್ಲಿ ಕೈಚಳಕ ಇದ್ದರೆ ಓರಿಂಗಿನಲ್ಲೇ ಮುಗಿಯುತ್ತೆ. ನನ್ನ ಸಲಹೆ: ಮೊದಲ ಪರೀಕ್ಷೆ ಮತ್ತು ಪೂರ್ತಿ ಸ್ಕ್ಯಾನ್ ಅಧಿಕೃತ ಕಡೆ ದುಡ್ಡು ಕೊಟ್ಟು ಮಾಡಿಸಿ, ಬರಹದಲ್ಲಿ ವರದಿ ತಗೊಳ್ಳಿ, ರಿಪೇರಿ ಮಾಡಿಸೋದು ಎಲ್ಲಿ ಅಂತ ಆಮೇಲೆ ತೀರ್ಮಾನ ಮಾಡಿ. ವರದಿ ಕೈಯಲ್ಲಿದ್ದರೆ ಸ್ವತಂತ್ರ ಗ್ಯಾರೇಜಿನವರ ಮಾತನ್ನ ತೂಗಿ ನೋಡಬಹುದು.

ಕೋಡ್_ರೀಡರ್

ಸ್ಕ್ಯಾನ್ ಅಂದ ಕೂಡಲೇ ಓಬಿಡಿ ಡಾಂಗಲ್ (ಎಲ್ಲ ಗಾಡಿಗೂ ಚುಚ್ಚೋ ಮಾಮೂಲಿ ದೋಷ ಓದುವ ಸಾಧನ) ಚುಚ್ಚಿ ‘ಕೋಡ್ ಏನೂ ಇಲ್ಲ’ ಅನ್ನೋದಲ್ಲ. ಆ ಅಗ್ಗದ ಡಾಂಗಲ್ ಎಂಜಿನ್ ಕಂಪ್ಯೂಟರಿನ ಮೇಲ್ಮೈ ಮಾತ್ರ ಓದುತ್ತೆ. ಈ ಗಾಡಿಗೆ ಕಂಪನಿಯ ಪೀವಿಸ್ ಟೆಸ್ಟರ್ ಇರಬೇಕು, ಇಲ್ಲ ಪೋರ್ಶೆಗೆಂದೇ ಇರೋ ಡ್ಯೂರಾಮೆಟ್ರಿಕ್ ಸಾಧನ ಆದರೂ ಇರಬೇಕು. ಯಾವುದಿದೆ ಅಂತ ನೇರವಾಗಿ ಕೇಳಿ.

ಅದರಲ್ಲಿ ನಿಮಗೆ ಬೇಕಾದ ಮುಖ್ಯ ಸಂಖ್ಯೆ ಎಂಜಿನ್ ಓಡಿದ ಗಂಟೆಗಳು. ಮೀಟರ್ ತಿದ್ದೋರು ಎಂಜಿನ್ ಕಂಪ್ಯೂಟರಿನೊಳಗಿನ ಗಂಟೆಯನ್ನ ಸಾಮಾನ್ಯವಾಗಿ ಮುಟ್ಟಲ್ಲ. ಕಿಲೋಮೀಟರನ್ನ ಗಂಟೆಯಿಂದ ಭಾಗಿಸಿ. 58,000 ಕಿ.ಮೀ.ಗೆ 2,000 ಗಂಟೆ ಬಂದರೆ ಸರಾಸರಿ 29, ನಗರ ಮತ್ತು ಹೆದ್ದಾರಿ ಸೇರಿಸಿ ಓಡಿದ ಗಾಡಿಗೆ ಒಪ್ಪುತ್ತೆ. ಅದೇ 5,000 ಗಂಟೆ ಬಂದರೆ ಸರಾಸರಿ 12 ಕೂಡ ಮುಟ್ಟಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲೇ ಜೀವನ ಕಳೆದ ಗಾಡಿಯಾದರೂ ಅದು ಅನುಮಾನದ ಸಂಖ್ಯೆ.

ಓವರ್‌ರೆವ್ (ಎಂಜಿನ್ ಮಿತಿ ಮೀರಿ ತಿರುಗಿದ) ದಾಖಲೆಯೂ ಆರು ಹಂತಗಳಲ್ಲಿ ಇರುತ್ತೆ. ಮ್ಯಾನುಯಲ್ ಗಾಡಿಯಲ್ಲಿ ಐದರಿಂದ ನಾಲ್ಕಕ್ಕೆ ಅಂತ ಎರಡಕ್ಕೆ ತಳ್ಳಿದಾಗ ನಾಲ್ಕು, ಐದು, ಆರನೇ ಹಂತಕ್ಕೆ ಎಣಿಕೆ ಬೀಳುತ್ತೆ, ಅದು ಕೆಟ್ಟದ್ದು. ನಿಮ್ಮದು ಟಿಪ್‌ಟ್ರಾನಿಕ್, ಅಂಥ ತಪ್ಪು ಗೇರಿಗೆ ಅದು ಬಿಡಲ್ಲ. ಆದ್ದರಿಂದ ಇದರ ಬಗ್ಗೆ ಹೆಚ್ಚು ಯೋಚಿಸಬೇಡಿ.

ವರದಿಯನ್ನ ಕೋಡ್ ಅಳಿಸೋಕೆ ಮುಂಚೆ ಪ್ರಿಂಟ್ ಹಾಕಿಸಿಕೊಳ್ಳಿ. ಸ್ಕ್ಯಾನ್ ಮಾಡಿ ಮೊದಲು ಎಲ್ಲ ಅಳಿಸಿ ‘ಈಗ ನೋಡೋಣ’ ಅನ್ನೋದು ಹಲವರ ಅಭ್ಯಾಸ. ಅಳಿಸಿದ ಮೇಲೆ ಯಾವ ದೋಷ ಯಾವಾಗ ಬಂತು ಅನ್ನೋ ಸುಳಿವು ಹೋಯಿತು.

ಕರಾವಳಿ_ಚಕ್ರ

ಕಾರ್ಪೆಟ್ ಒದ್ದೆ ಅಂದದ್ದು ಯಾರೂ ಗಮನಿಸಿಲ್ಲ. ಹೊಗೆಗಿಂತ ಅದೇ ನನಗೆ ಗಾಬರಿ. ಮಂಗಳೂರು ಕಡೆ ಮಳೆಗಾಲದಲ್ಲಿ ಸಾಫ್ಟ್‌ಟಾಪ್ ಗಾಡಿಗಳು ಸಾಯೋದು ಹೀಗೇ.

ಬಟ್ಟೆಯ ಮಾಡು ಮಡಚಿ ಕೂರೋ ಜಾಗದ ಎರಡೂ ಬದಿಯಲ್ಲಿ ನೀರು ಇಳಿಯೋ ತೂತು ಇವೆ, ಒಳಗಿನ ಪೈಪಿನ ಮೂಲಕ ಹಿಂದಿನ ಚಕ್ರದ ಮುಂದುಗಡೆ ನೀರು ಬೀಳಬೇಕು. ಮರದಡಿ ನಿಲ್ಲಿಸಿದ ಗಾಡಿಯಲ್ಲಿ ಎಲೆ, ಹೂವಿನ ಎಸಳು, ದೂಳು ಸೇರಿ ಕಪ್ಪು ಕೆಸರಾಗಿ ಅಲ್ಲಿ ಬಿರಡೆ ಹಾಕುತ್ತೆ. ನೀರು ತುಂಬಿ ಒಳಗೆ ಉಕ್ಕುತ್ತೆ, ಕಾರ್ಪೆಟಿನ ಅಡಿಯ ದಪ್ಪ ಫೋಮು ಅದನ್ನ ಸ್ಪಂಜಿನ ಹಾಗೆ ಕುಡಿದು ಇಟ್ಟುಕೊಳ್ಳುತ್ತೆ. ಅಲಾರ್ಮಿನ ಕಂಟ್ರೋಲ್ ಯೂನಿಟ್ ಕೂತಿರೋದು ಸೀಟಿನ ಕೆಳಗೆ, ಆ ನೀರಿನ ಮಟ್ಟದಲ್ಲೇ. ಅದು ಕೆಟ್ಟರೆ ಸೆಂಟ್ರಲ್ ಲಾಕ್, ಸ್ಟಾರ್ಟಿಂಗ್ ಎಲ್ಲ ಹುಚ್ಚುಚ್ಚಾಗಿ ಆಡುತ್ತೆ, ಹೊಸದಕ್ಕೆ ಕೋಡಿಂಗ್ ಬೇರೆ.

ಇವತ್ತೇ ಮಾಡಿ: ಮಾಡನ್ನ ಅರ್ಧ ತೆರೆದು ನಿಲ್ಲಿಸಿ, ಟಾರ್ಚ್ ಹಾಕಿ ತೂತು ಹುಡುಕಿ, ಕೆಸರನ್ನ ಚಮಚದಲ್ಲಿ ಎತ್ತಿ. ಹುಲ್ಲು ಕತ್ತರಿಸೋ ಯಂತ್ರದ ದಪ್ಪ ನೈಲಾನ್ ದಾರ ಒಂದು ಮೊಳ ತಗೊಂಡು ತುದಿಯನ್ನ ಬೆಂಕಿಗೆ ಹಿಡಿದು ಗುಂಡಗೆ ಮಾಡಿ, ಮೆಲ್ಲಗೆ ತಿರುಗಿಸುತ್ತ ಒಳಗೆ ಬಿಡಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಪೈಪು ಒಳಗಡೆ ಕೀಲು ಕಳಚಿಕೊಂಡರೆ ಆಮೇಲೆ ನೀರು ನೇರ ಗಾಡಿಯೊಳಗೇ ಹೋಗುತ್ತೆ. ಕೊನೆಗೆ ಒಂದು ಚೊಂಬು ನೀರು ನಿಧಾನಕ್ಕೆ ಸುರಿದು ಹಿಂದಿನ ಚಕ್ರದ ಹತ್ತಿರ ಬೀಳುತ್ತಾ ನೋಡಿ, ಎರಡೂ ಕಡೆ.

ಮುಂದೆ ಬ್ಯಾಟರಿಯ ಸುತ್ತ, ವೈಪರ್ ಕೆಳಗೂ ಹೀಗೇ ಎಲೆ ಸೇರುತ್ತೆ. ಅಲ್ಲೂ ತೆಗೀರಿ. ಕಾರ್ಪೆಟ್ ಮೇಲೆ ಒಣಗಿದೆ ಅಂತ ಬಿಡಬೇಡಿ. ಸೀಟ್ ಬಿಚ್ಚಿ, ಫೋಮ್ ಎತ್ತಿ, ಫ್ಯಾನ್ ಹಾಕಿ ಎರಡು ಮೂರು ದಿನ ಒಣಗಿಸಬೇಕು. ಸೀಟಿನ ಏರ್‌ಬ್ಯಾಗ್ ವೈರ್ ಇರೋದರಿಂದ ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಟ್ಟು ಸೀಟಿಗೆ ಕೈ ಹಾಕಿ. ಸೀಟ್ ಹೊರಗಿರುವಾಗ ಇಗ್ನಿಷನ್ ಹಾಕಬೇಡಿ, ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತೆ.

ಹೊಸಬ_987

ತೂತು ತೆಗೆದೆ. ಬಲಗಡೆ ಪೂರ್ತಿ ಕಟ್ಟಿತ್ತು, ಈಗ ನೀರು ಕೆಳಗೆ ಬೀಳ್ತಿದೆ. ಫೋಮ್ ಒಣಗಿಸ್ತಿದ್ದೀನಿ. ತುಂಬಾ ಧನ್ಯವಾದ ಸಾರ್. ಕೂಲೆಂಟ್ ಇಳಿಯೋದು ಎಲ್ಲಿಂದ ಅಂತ ಹೇಗೆ ಹಿಡಿಯೋದು? ಕೆಳಗೆ ಯಾವ ಹನಿ ಯಾವುದು ಅಂತಲೂ ಗೊತ್ತಾಗ್ತಿಲ್ಲ.

ಪೀಣ್ಯ_ಲೇತ್

ಹನಿಗೆ ಸುಲಭ ದಾರಿ. ಫ್ರಿಜ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆ ಬಿಡಿಸಿ, ಬಿಳಿ ಕಾಗದ ಅಂಟಿಸಿ, ರಾತ್ರಿ ಗಾಡಿಯ ಅಡಿ ಹಾಸಿ. ನಾಲ್ಕು ಚಕ್ರದ ಜಾಗ ಪೆನ್ನಿನಲ್ಲಿ ಗುರುತು ಮಾಡಿ. ಬೆಳಿಗ್ಗೆ ನೋಡಿದರೆ ಕಂದು ಕಪ್ಪು ಜಿಡ್ಡು ಎಂಜಿನ್ ಎಣ್ಣೆ. ಗುಲಾಬಿ ಬಣ್ಣ, ಒಣಗಿದ ಮೇಲೆ ಅಂಚಿನಲ್ಲಿ ಪುಡಿ ಕಟ್ಟಿದ್ದರೆ ಕೂಲೆಂಟ್. ಹಸಿರು ಬಂದರೆ ಪವರ್ ಸ್ಟೀರಿಂಗಿನ ಎಣ್ಣೆ ಪೆಂಟೋಸಿನ್ ಇರಬಹುದು, ಇಲ್ಲ ಯಾರೋ ಹಸಿರು ಕೂಲೆಂಟ್ ಸುರಿದಿದ್ದಾರೆ. ಬೆರಳಲ್ಲಿ ಉಜ್ಜಿ ನೋಡಿ: ಪೆಂಟೋಸಿನ್ ಜಿಡ್ಡು, ಕೂಲೆಂಟ್ ನೀರು. ಬರೀ ನೀರಿದ್ದರೆ ಎಸಿಯದ್ದು. ಆ ರಟ್ಟನ್ನ ಫೋಟೊ ತೆಗೆದು ಗ್ಯಾರೇಜಿಗೆ ತಗೊಂಡು ಹೋಗಿ. ಅದನ್ನ ನೋಡಿ ಗಾಡಿಯ ಯಾವ ಜಾಗ ಅಂತ ಬಗ್ಗಿ ಟಾರ್ಚ್ ಹಾಕೋ ಮೆಕ್ಯಾನಿಕ್ ಸಿಕ್ಕರೆ ಅವರನ್ನ ಬಿಡಬೇಡಿ.

ಕೂಲೆಂಟಿಗೆ: ಎಂಜಿನ್ ತಣ್ಣಗಿರುವಾಗ ಪ್ರೆಷರ್ ಪಂಪ್ ಕೂರಿಸಿ 1 ಬಾರ್ ಏರಿಸಿ 20 ನಿಮಿಷ ಬಿಡಬೇಕು. ಮುಳ್ಳು ಇಳಿದರೆ ಸೋರ್ತಿದೆ. ಈ ಗಾಡಿಯಲ್ಲಿ ಸೋರೋ ಜಾಗ ಹೆಚ್ಚುಕಡಿಮೆ ನಾಲ್ಕು. ಹಿಂದಿನ ಡಿಕ್ಕಿಯ ಪ್ಲಾಸ್ಟಿಕ್ ಟ್ಯಾಂಕು, ವಯಸ್ಸಾದ ಮೇಲೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತೆ, ಡಿಕ್ಕಿಯ ಕಾರ್ಪೆಟ್ ಅಡಿ ಕೈಯಾಡಿಸಿ ನೋಡಿ. ಅದರ ಮುಚ್ಚಳ, ಹಳೇದರ ಒಳಗಿನ ವಾಲ್ವು ಒತ್ತಡ ಹಿಡಿಯಲ್ಲ. ಸುಧಾರಿಸಿದ ಮುಚ್ಚಳದ ಸಂಖ್ಯೆ 996 106 447 04, ಕೊನೆಯ 04 ಇರೋದೇ ಕೇಳಿ. ಮೊದಲು ಮುಚ್ಚಳ ಬದಲಾಯಿಸಿ ನೋಡೋದು ಅಗ್ಗ. ಆಮೇಲೆ ವಾಟರ್ ಪಂಪು, ಅದರ ಅಡಿಯ ತೂತಿನಿಂದ ಗುಲಾಬಿ ಗೆರೆ ಇಳಿದಿರುತ್ತೆ. ಕೊನೆಗೆ ಮುಂದಿನ ರೇಡಿಯೇಟರುಗಳು. ಬಂಪರಿನ ಬಾಯಿಂದ ಒಳಗೆ ಹೋದ ಎಲೆ, ಪ್ಲಾಸ್ಟಿಕ್ ಚೀಲ ಅಲ್ಲೇ ಕೊಳೆತು ಎಸಿ ಕಂಡೆನ್ಸರನ್ನೂ ರೇಡಿಯೇಟರನ್ನೂ ತಿನ್ನುತ್ತೆ. ಬಂಪರ್ ಬಿಚ್ಚಿಸಿ ವರ್ಷಕ್ಕೊಮ್ಮೆ ಸ್ವಚ್ಛ ಮಾಡಿಸಿದರೆ ಅವು ತುಂಬಾ ವರ್ಷ ಬರುತ್ತವೆ.

ಹಸಿರು ಕೂಲೆಂಟನ್ನ ಗುಲಾಬಿಗೆ ಬೆರೆಸಿ ಟಾಪ್‌ಅಪ್ ಮಾಡೋಕೆ ಯಾರಿಗೂ ಬಿಡಬೇಡಿ. ಎರಡೂ ಸೇರಿದರೆ ಲೋಳೆ ಕಟ್ಟುತ್ತೆ. ತುರ್ತಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಅದು ಪರವಾಗಿಲ್ಲ.

ಜಯನಗರ_ಟು_ಜರ್ಸಿ

ಅಮೆರಿಕದಲ್ಲಿರೋ ನಮ್ಮ ಕನ್ನಡದವರಿಗೆ ಇದೇ ಗಾಡಿ ಸೆಕೆಂಡ್ ಹ್ಯಾಂಡ್ ಕೈಗೆಟಕೋ ಬೆಲೆಗೆ ಸಿಗುತ್ತೆ, ಪ್ರಶ್ನೆಯೂ ಇದೇ. ಇಲ್ಲಿ ಎಂಜಿನ್ ಎಣ್ಣೆ ಫಿಲ್ಟರ್ ಕತ್ತರಿಸಿ ನೋಡೋದು ಮಾಮೂಲಿ. ಅಲ್ಲೂ ಮಾಡಿಸಿ, ಖರ್ಚಿಲ್ಲ. ಎಣ್ಣೆ ಬದಲಾಯಿಸುವಾಗ ಹಳೇ ಕಾಗದದ ಫಿಲ್ಟರನ್ನ ಬ್ಲೇಡಿನಿಂದ ಎರಡೂ ತುದಿ ಕತ್ತರಿಸಿ, ಸೀರೆಯ ನೆರಿಗೆ ಬಿಡಿಸಿದ ಹಾಗೆ ಬಿಳಿ ಕಾಗದದ ಮೇಲೆ ಉದ್ದಕ್ಕೆ ಹಾಸಿ, ಬಿಸಿಲಲ್ಲಿ ಓರೆ ಮಾಡಿ ನೋಡಿ. ಹೊಳೆಯೋ ಚೂರು ಕಂಡರೆ ಆಯಸ್ಕಾಂತ ಹಿಡೀರಿ. ಅಂಟಿದರೆ ಉಕ್ಕು, ಬೇರಿಂಗಿನ ಕಡೆ ಅನುಮಾನ. ಅಂಟದ ಬೆಳ್ಳಿ ಪುಡಿ ಅಲ್ಯೂಮಿನಿಯಂ, ಸಿಲಿಂಡರ್ ಪಿಸ್ಟನ್ ಕಡೆ ನೋಡಬೇಕು. ಕಂದು ಪ್ಲಾಸ್ಟಿಕ್ ಚೂರು ಟೈಮಿಂಗ್ ಚೈನ್ ಜಾರೋ ಪಟ್ಟಿಯದ್ದು. ಒಂದೆರಡು ಕಣ ಎಲ್ಲ ಎಂಜಿನ್ನಿನಲ್ಲೂ ಇರುತ್ತೆ, ನೆರಿಗೆ ನೆರಿಗೆಗೂ ಮಿನುಗಿದರೆ ಸ್ಟಾರ್ಟ್ ಮಾಡಬೇಡಿ.

ಟಾರ್ಕ್_ವ್ರೆಂಚ್

ಒಳ್ಳೆ ಮಾತು. ಹೊಸ ಗ್ಯಾರೇಜಿಗೆ ಮೊದಲು ಕೊಡೋ ಕೆಲಸ ಈ ಎಣ್ಣೆ ಬದಲಾವಣೆಯೇ ಆಗಲಿ. ಚಿಕ್ಕ ಕೆಲಸ, ಹಾಳಾಗೋದು ಕಡಿಮೆ, ಆದರೆ ಕೈ ಹೇಗಿದೆ ಅಂತ ಪೂರ್ತಿ ಕಾಣುತ್ತೆ. ನಿಂತು ನೋಡೋಕೆ ಬಿಡ್ತಾರಾ ಕೇಳಿ. ಡ್ರೈನ್ ಬೋಲ್ಟಿಗೆ 8 ಎಂಎಂ ಅಲೆನ್, ಹೊಸ ವಾಷರ್, ಬಿಗಿತ 50 ನ್ಯೂಟನ್ ಮೀಟರ್. ಫಿಲ್ಟರ್ ಡಬ್ಬ ಪ್ಲಾಸ್ಟಿಕ್ಕು, ಅದರ ಓರಿಂಗಿಗೆ ಎಣ್ಣೆ ಸವರಿ 25 ನ್ಯೂಟನ್ ಮೀಟರ್, ಚೈನ್ ವ್ರೆಂಚ್ ಹಾಕಿ ತಿರುಚಬಾರದು. ಫಿಲ್ಟರ್ ಮಾಲೆ ಕಂಪನಿಯ ಓಎಕ್ಸ್ 128/1ಡಿ. ಎಣ್ಣೆ ಡಬ್ಬದ ಮೇಲೆ ಪೋರ್ಶೆ ಎ40 ಅಂತ ಬರೆದಿರಬೇಕು, 0ಡಬ್ಲ್ಯು-40 ಅಥವಾ 5ಡಬ್ಲ್ಯು-40. ಡಬ್ಬಗಳ ಸೀಲ್ ನಿಮ್ಮ ಎದುರೇ ಒಡೆಯಲಿ. ಒಮ್ಮೆಲೇ ಎಲ್ಲ ಸುರಿಯದೆ ಸ್ವಲ್ಪ ಕಡಿಮೆ ಹಾಕಿ, ಮಟ್ಟ ನೋಡಿ, ಆಮೇಲೆ ಗುರುತಿಗೆ ತರಬೇಕು. ಹೆಚ್ಚಾದ ಎಣ್ಣೆ ನೇರ ಎಒಎಸ್‌ಗೆ ಹೋಗುತ್ತೆ, ಹೊಸ ಎಒಎಸ್ ಕೂಡ ಹೊಗೆ ಹಾಕುತ್ತೆ.

ಎಂಜಿನ್ ಅಡಿಯ ಅಲ್ಯೂಮಿನಿಯಂ ಪ್ಲೇಟು ಬರೀ ದೂಳು ತಡೆಯೋಕೆ ಇರೋದಲ್ಲ, ಗಟ್ಟಿ ಛಾವಣಿ ಇಲ್ಲದ ಗಾಡಿಯ ಬಿಗಿತಕ್ಕೂ ಅದು ಬೇಕು. ಬಿಚ್ಚಿದ ಬೋಲ್ಟುಗಳೆಲ್ಲ ವಾಪಸ್ ಬಂದಿವೆಯಾ ಎಣಿಸಿ. ನಾಲ್ಕು ಬೋಲ್ಟಿನಲ್ಲಿ ಎರಡು ಹಾಕಿ ಕಳಿಸೋ ಕಡೆ ಗೇರ್‌ಬಾಕ್ಸ್ ಇಳಿಸೋ ಕೆಲಸ ಕೊಡ್ತೀರಾ?

ನಿಧಾನ_ಗತಿ

ಟಿಕ್ ಟಿಕ್ ಸದ್ದಿನ ಬಗ್ಗೆ? ಬೋರ್ ಸ್ಕೋರಿಂಗ್ ಅಂತ ಎಲ್ಲ ಕಡೆ ಹೆದರಿಸ್ತಾರೆ.

ಬಾಕ್ಸರ್_ಸಿಕ್ಸ್

ಸಿಲಿಂಡರ್ ಗೋಡೆ ಗೀರೋದು ಆ ಪೀಳಿಗೆಯ 3.4 ಲೀಟರ್ ಎಂಜಿನ್ನಿನಲ್ಲಿ ಹೆಚ್ಚು, 2.7ರಲ್ಲಿ ಅಪರೂಪ. ಹಾಗಂತ ನೋಡದೆ ಬಿಡೋದಲ್ಲ. ಮೊದಲು ಅಗ್ಗದ ಪರೀಕ್ಷೆ: ಸೀಟಿನ ಹಿಂದಿನ ಪ್ಯಾನೆಲ್ ತೆಗೆದರೆ ಎಂಜಿನ್ ಮುಂಭಾಗ ಕಾಣುತ್ತೆ, 24 ಎಂಎಂ ಸ್ಪ್ಯಾನರಿನಲ್ಲಿ ಟೆನ್ಷನರ್ ತಿರುಗಿಸಿ ಬೆಲ್ಟ್ ಕಳಚಿ, ತಣ್ಣಗಿನ ಎಂಜಿನ್ನನ್ನ ಬರೀ 20–30 ಸೆಕೆಂಡ್ ಓಡಿಸಿ. ವಾಟರ್ ಪಂಪ್ ತಿರುಗದ ಕಾರಣ ಅದಕ್ಕಿಂತ ಹೆಚ್ಚು ಬೇಡ. ಸದ್ದು ನಿಂತರೆ ಪುಲ್ಲಿ, ಆಲ್ಟರ್ನೇಟರ್ ಅಥವಾ ಪಂಪಿನ ಬೇರಿಂಗು. ನಿಲ್ಲದಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಜೋಡಣೆಯಲ್ಲಿ ಗಾಳಿ ಸೋರ್ತಿದೆಯಾ ನೋಡಿ, ತುಕ್ಕು ಹಿಡಿದ ಬೋಲ್ಟ್ ಮುರಿದಿದ್ದರೆ ಇದೇ ಟಿಕ್ ಬರುತ್ತೆ, ಬಿಸಿಯಾದಂತೆ ಕಡಿಮೆ ಆಗುತ್ತೆ. ಅದೂ ಅಲ್ಲದಿದ್ದರೆ ಬೋರೋಸ್ಕೋಪ್, ಅಂದ್ರೆ ಸಿಲಿಂಡರ್ ಒಳಗೆ ಇಳಿಸೋ ಸಣ್ಣ ಕ್ಯಾಮೆರಾ. ಆರೂ ಪ್ಲಗ್ ಬಿಚ್ಚಿ, ಪಿಸ್ಟನ್ ಕೆಳಗಿಳಿಸಿ, ಪ್ರತಿ ಸಿಲಿಂಡರಿನ ಫೋಟೊಗೆ ಸಂಖ್ಯೆ ಹಾಕಿ ಕೊಡಲಿ. ಗೀರು ಸಾಮಾನ್ಯವಾಗಿ 4, 5, 6ನೇ ಸಿಲಿಂಡರಿನ ಕಡೆ ಮೊದಲು. ಪ್ಲಗ್ ಬಿಚ್ಚಿದಾಗ ಕಾಯಿಲುಗಳ ಮೈ ಮೇಲಿನ ಬಿರುಕೂ ನೋಡಿಬಿಡಿ, ಮಳೆಯಲ್ಲಿ ಮಿಸ್‌ಫೈರ್ ಆಗೋದು ಆ ಬಿರುಕಿನಿಂದ. ಪ್ಲಗ್ ಬಿಗಿತ 30 ನ್ಯೂಟನ್ ಮೀಟರ್, ಕಾಯಿಲ್ ಬೋಲ್ಟಿಗೆ 10.

ಇನ್ನೊಂದು. ಸಿಲಿಂಡರ್ ಹೋಗಿದೆ, ಲೇತ್‌ನಲ್ಲಿ ಬೋರ್ ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕ್ತೀವಿ ಅಂತ ಯಾರಾದರೂ ಅಂದರೆ ಅಲ್ಲಿಂದ ಗಾಡಿ ಎತ್ತಿಕೊಂಡು ಬನ್ನಿ.

ಪೀಣ್ಯ_ಲೇತ್

ಇದಕ್ಕೆ ಕಾರಣ ಹೇಳ್ತೀನಿ. ಇದರಲ್ಲಿ ಎರಕದ ಕಬ್ಬಿಣದ ಸ್ಲೀವ್ ಇಲ್ಲ. ಅಲ್ಯೂಮಿನಿಯಂ ಒಳಗೆ ಸಿಲಿಕಾನ್ ಕಣಗಳನ್ನ ಸೇರಿಸಿ ಎರಕ ಹೊಯ್ದ ಗೋಡೆ, ಲೋಕಾಸಿಲ್ ಅಂತ ಹೆಸರು. ಪಿಸ್ಟನ್ ಜಾರೋದು ಆ ಗಟ್ಟಿ ಕಣಗಳ ತುದಿಯ ಮೇಲೆ. ಮಾಮೂಲಿ ಬೋರಿಂಗ್ ಮೆಷಿನ್ನಿನಲ್ಲಿ ಕೆರೆದರೆ ಕಣ ಕಿತ್ತುಬರುತ್ತೆ, ಮೆದು ಅಲ್ಯೂಮಿನಿಯಂ ಮೇಲೆ ಪಿಸ್ಟನ್ ಓಡಿ ಮತ್ತೆ ಗೀರುತ್ತೆ. ಸರಿಯಾದ ದಾರಿ ಅಂದ್ರೆ ನಿಕಲ್ ಲೇಪನದ ಹೊಸ ಸ್ಲೀವ್ ಕೂರಿಸೋದು, ಅದಕ್ಕೆ ಅಳತೆಯ ಶಿಸ್ತು ಬೇರೆಯೇ.

ಹೊಸಬ_987

ಎಲ್ಲರ ಮಾತಿನ ಪ್ರಕಾರ ಹೋದೆ. ಅಧಿಕೃತ ಕಡೆ ಸ್ಕ್ಯಾನ್: 1,930 ಗಂಟೆ. ಒಂದು ಸ್ವತಂತ್ರ ಗ್ಯಾರೇಜಿನಲ್ಲಿ ಮ್ಯಾನೋಮೀಟರ್ ಹಾಕಿ ತೋರಿಸಿದರು, 11 ಇಂಚು. ಬೆಲ್ಟ್ ಕಳಚಿದಾಗ ಟಿಕ್ ಸದ್ದು ನಿಂತಿತು, ಐಡ್ಲರ್ ಪುಲ್ಲಿ (ಬೆಲ್ಟ್ ಹಾಯೋ ಗಾಲಿ) ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುತ್ತೆ. ಕೂಲೆಂಟ್ ಮುಚ್ಚಳದ ಕೊನೆಯ ಸಂಖ್ಯೆ 01. ಎಸ್ಟಿಮೇಟ್‌ನಲ್ಲಿ ಭಾಗ ಬೇರೆ, ಲೇಬರ್ ಬೇರೆ ಬರೆದುಕೊಟ್ಟಿದ್ದಾರೆ. ರಿಯರ್ ಮೇನ್ ಸೀಲ್ ಈಗ ಬೇಡ, ಎಒಎಸ್ ಆದ ಮೇಲೆ ಸಾವಿರ ಕಿಲೋಮೀಟರ್ ಓಡಿಸಿ ಬನ್ನಿ, ನೋಡೋಣ ಅಂದರು. ಇವರಿಗೆ ಕೊಡಬಹುದಾ?

ಬಾಕ್ಸರ್_ಸಿಕ್ಸ್

ಕೊಡಿ. 58,000ಕ್ಕೆ 1,930 ಗಂಟೆ ಅಂದ್ರೆ ಸರಾಸರಿ 30, ಮೀಟರ್ ನಂಬಬಹುದು. ಬೇಡದ ಕೆಲಸವನ್ನ ಬೇಡ ಅಂದಿದ್ದಾರಲ್ಲ, ಅದಕ್ಕೆ ಬೆಲೆ ಕೊಡಿ. ಎಒಎಸ್ ಜೊತೆಗೆ ಅದರ ಬೆಲ್ಲೋಸ್ (ಮಡಿಕೆ ಮಡಿಕೆಯ) ಪೈಪೂ ಹೊಸದು ಹಾಕಲಿ, ಹಳೇದು ಬಿಚ್ಚುವಾಗಲೇ ಪುಡಿಯಾಗುತ್ತೆ. ಥ್ರಾಟಲ್ ಬಾಡಿ ತೆಗೆದು ಇನ್‌ಟೇಕಿನಲ್ಲಿ ನಿಂತ ಎಣ್ಣೆ ಪೂರ್ತಿ ಒರೆಸಿ ಆಮೇಲೆ ಸ್ಟಾರ್ಟ್. ಮೊದಲ ಒಂದೆರಡು ಸಲ ಎಕ್ಸಾಸ್ಟಿನಲ್ಲಿ ಉಳಿದ ಎಣ್ಣೆ ಸುಟ್ಟು ಹೊಗೆ ಬರುತ್ತೆ, ಗಾಬರಿ ಆಗಬೇಡಿ. ಬೆಲ್ಟ್ ಹೇಗೂ ಕಳಚಿರೋದರಿಂದ ಐಡ್ಲರ್, ಟೆನ್ಷನರ್, ಹೊಸ ಬೆಲ್ಟ್ ಒಟ್ಟಿಗೆ, ವಾಟರ್ ಪಂಪಿನ ಪುಲ್ಲಿಯನ್ನೂ ಅಲುಗಾಡಿಸಿ ನೋಡಲಿ. ಭಾಗಗಳನ್ನ ಚಾಸಿ ಸಂಖ್ಯೆ ಕೊಟ್ಟೇ ತರಿಸಿ. ಜೆ.ಸಿ. ರಸ್ತೆಯಲ್ಲಿ ‘ಇದೂ ಕೂರುತ್ತೆ’ ಅಂತ ಕೊಡೋ ಎಒಎಸ್ ಬೇಡ, 986ರದ್ದೂ ನಿಮ್ಮದೂ ಬೇರೆ ಬೇರೆ.

ಟಾರ್ಕ್_ವ್ರೆಂಚ್

ಗಾಡಿ ವಾಪಸ್ ತಗೊಳ್ಳುವಾಗ ಮತ್ತೆ ಮ್ಯಾನೋಮೀಟರ್ ಹಾಕಿಸಿ, 5ರ ಹತ್ತಿರ ಬಂದಿದೆಯಾ ನೋಡಿ, ಆ ಸಂಖ್ಯೆ ಜಾಬ್ ಕಾರ್ಡಿನಲ್ಲಿ ಬರೆಸಿ. ಜಿಎಸ್‌ಟಿ ಬಿಲ್ ತಗೊಳ್ಳಿ. ಮನೆಗೆ ಬಂದ ರಾತ್ರಿ ಮತ್ತೆ ಅದೇ ರಟ್ಟು ಹಾಸಿ, ತಾರೀಖು ಬರೆದು.